ಕೋಡ್ ಬಾರದವರೂ ಮುಕ್ತ ಫೋನೂ

(ಮುಕ್ತ ತಂತ್ರಾಂಶದ ಬಗ್ಗೆ ಆಸಕ್ತಿ ಇರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಒಂದೆರಡು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ದೀರ್ಘ ಎಲ್ಲಿ ಬಿಟ್ಟುಹೋಗಿದೆ, ಒತ್ತಕ್ಷರ ಎಲ್ಲಿ ತಪ್ಪಿದೆ ಎಂದು ಹುಡುಕುವುದು ನನ್ನ ದಿನದ ಕೆಲಸ. ಕೋಡ್ ಬರೆಯಲು ಬರುವುದಿಲ್ಲ. ಆದರೂ ಆರು ವರ್ಷಗಳಿಂದ ನಾನು ಬಳಸುತ್ತಿರುವ ಫೋನಿನಲ್ಲಿರುವುದು ಮುಕ್ತ ತಂತ್ರಾಂಶ, ಅಂದರೆ ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶ. ಆ ತಂತ್ರಾಂಶದಲ್ಲಿ ನನ್ನ ಕೆಲಸವೂ ಒಂದಿಷ್ಟು ಸೇರಿದೆ. ಅದು ಹೇಗೆ ಸೇರಿತು ಎಂಬುದನ್ನು ಇವತ್ತು ಹೇಳುತ್ತೇನೆ. ಈ ವಿಷಯ ಎತ್ತಿದಾಗಲೆಲ್ಲ "ಅದೆಲ್ಲ ಪ್ರೋಗ್ರಾಮರುಗಳ ಕೆಲಸ, ನಮ್ಮಿಂದ ಏನಾಗುತ್ತೆ" ಎಂದು ಹಿಂದೆ ಸರಿಯುವವರನ್ನು ತುಂಬ ನೋಡಿದ್ದೇನೆ. ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಇಂಥ ಯೋಜನೆಗಳಿಗೆ ಕೋಡ್ ಬರೆಯುವವರು ಹೇಗೋ ಸಿಗುತ್ತಾರೆ. ದಿನವೂ ಬಳಸಿ, ಗಮನವಿಟ್ಟು ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳುವವರು ಸಿಗುವುದು ಕಷ್ಟ.

ಶುರುವಾದದ್ದು ಒಂದು ಹಳೆಯ ಫೋನಿನಿಂದ. ಕೊಂಡು ಮೂರು ವರ್ಷವಾಗಿತ್ತು. ಪರದೆ ಚೆನ್ನಾಗಿತ್ತು, ಬ್ಯಾಟರಿ ಸಂಜೆಯವರೆಗೆ ಬರುತ್ತಿತ್ತು. ಆದರೆ ಭದ್ರತಾ ಅಪ್‌ಡೇಟ್ ನಿಂತು ಒಂದು ವರ್ಷ ಕಳೆದಿತ್ತು. ತಯಾರಕರ ಸಹಾಯವಾಣಿಗೆ ಕೇಳಿದರೆ "ಮೇಡಂ, ಆ ಮಾಡೆಲ್‌ಗೆ ಇನ್ನು ಅಪ್‌ಡೇಟ್ ಬರಲ್ಲ, ಹೊಸದು ತಗೊಳ್ಳಿ" ಎಂದರು. ಕೆಟ್ಟಿರದ ವಸ್ತುವನ್ನು ಎಸೆಯಿರಿ ಎನ್ನುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಪರಿಚಯದ ಹುಡುಗನೊಬ್ಬ ಅದಕ್ಕೆ ಲಿನಿಯೇಜ್ ಓಎಸ್ ಹಾಕಿಕೊಟ್ಟ. ಫೋನನ್ನು ನಡೆಸುವ ಮೂಲ ವ್ಯವಸ್ಥೆ ಅದು, ಆಂಡ್ರಾಯ್ಡಿನ ಮುಕ್ತ ಕೋಡ್ ಆಧರಿಸಿ ಮಾಡಿದ್ದು. ಅದೇ ಫೋನ್ ಮುಂದೆ ನಾಲ್ಕು ವರ್ಷ ನಡೆಯಿತು.

ಲಿನಿಯೇಜ್ ಹುಟ್ಟಿದ ಬಗೆ ಇಲ್ಲಿ ಹೇಳಬೇಕಾದದ್ದೇ. ಅದಕ್ಕೆ ಮುಂಚೆ ಸಯಾನೋಜೆನ್‌ಮಾಡ್ ಎಂಬ ಯೋಜನೆ ಇತ್ತು. ಅದರ ಬೆನ್ನಿಗಿದ್ದ ಕಂಪನಿ 2016ರ ಡಿಸೆಂಬರಿನಲ್ಲಿ ತನ್ನ ಸೇವೆಗಳನ್ನು ನಿಲ್ಲಿಸಿತು. ಬೇರೆ ಯಾವ ಉತ್ಪನ್ನವಾಗಿದ್ದರೂ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಕೋಡ್ ಮುಕ್ತವಾಗಿದ್ದರಿಂದ ಅದರಲ್ಲಿ ತೊಡಗಿದ್ದವರೇ ಅದನ್ನು ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಉಬುಂಟು ಟಚ್ ಎಂಬ ಇನ್ನೊಂದು ಮುಕ್ತ ಫೋನ್ ವ್ಯವಸ್ಥೆಗೂ ಹೀಗೇ ಆಯಿತು. 2013ರಲ್ಲಿ ಅದನ್ನು ರೂಪಿಸುತ್ತಿದ್ದ ಕೆನೋನಿಕಲ್ ಕಂಪನಿ ಉಬುಂಟು ಎಡ್ಜ್ ಎಂಬ ಫೋನಿಗಾಗಿ ಜನರಿಂದ 3 ಕೋಟಿ 20 ಲಕ್ಷ ಡಾಲರ್ ಕೂಡಿಸಲು ಹೊರಟಿತು. ಸುಮಾರು 1 ಕೋಟಿ 28 ಲಕ್ಷಕ್ಕೆ ನಿಂತಿತು, ಫೋನ್ ಹುಟ್ಟಲೇ ಇಲ್ಲ. 2017ರಲ್ಲಿ ಕಂಪನಿ ಫೋನಿನ ಕೆಲಸವನ್ನೇ ಕೈಬಿಟ್ಟಿತು. ಆದರೆ ಯುಬಿಪೋರ್ಟ್ಸ್ ಎಂಬ ಸಮುದಾಯ ಆ ವ್ಯವಸ್ಥೆಯನ್ನು ಇವತ್ತಿಗೂ ನಡೆಸುತ್ತಿದೆ. ದುಡ್ಡಿದ್ದ ಕಂಪನಿ ಬಿಟ್ಟುಹೋದ ಕೆಲಸವನ್ನು ಬಳಸುವವರು ಉಳಿಸಿಕೊಂಡರು. ನನಗೆ ಈ ವಿಷಯದಲ್ಲಿ ಭರವಸೆ ಹುಟ್ಟಿದ್ದು ಇಂಥವುಗಳಿಂದ.

ಖಾಸಗಿತನದ ಮಾತಿಗೆ ಬರೋಣ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಎಂಬ ಪ್ರಾಧ್ಯಾಪಕರು ಆಂಡ್ರಾಯ್ಡ್ ಮತ್ತು ಐಫೋನ್ ಎರಡನ್ನೂ ಪರೀಕ್ಷೆಗೆ ಇಟ್ಟರು. ಯಾರೂ ಮುಟ್ಟದೆ ಸುಮ್ಮನೆ ಇಟ್ಟಾಗಲೂ ಅವು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ಕಂಪನಿಗೆ ಮಾಹಿತಿ ಕಳಿಸುತ್ತಿದ್ದವು. ಗೂಗಲ್ ಅವರ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಲೆಕ್ಕದ ತಕರಾರು ಏನೇ ಇರಲಿ, ನನ್ನ ಪ್ರಶ್ನೆ ಸರಳ: ನಾನು ದುಡ್ಡು ಕೊಟ್ಟು ಕೊಂಡ ವಸ್ತು ಯಾರ ಜೊತೆ ಏನು ಮಾತಾಡುತ್ತಿದೆ ಎಂದು ತಿಳಿಯುವ ದಾರಿ ನನಗಿದೆಯೇ? ಮುಚ್ಚಿದ ತಂತ್ರಾಂಶದಲ್ಲಿ ಕಂಪನಿ ಹೇಳಿದ್ದನ್ನು ನಂಬಬೇಕು. ಮುಕ್ತ ತಂತ್ರಾಂಶದಲ್ಲಿ ನಾನೇ ಓದಲಾರೆ ನಿಜ, ಆದರೆ ಓದಬಲ್ಲವರು ಯಾರು ಬೇಕಾದರೂ ಓದಬಹುದು. ಹಾಗೆ ಓದಿದವರು ತಪ್ಪು ಕಂಡರೆ ಬಚ್ಚಿಡಬೇಕಾದ ಕಾರಣವೂ ಇಲ್ಲ.

"ಆಂಡ್ರಾಯ್ಡ್ ಈಗಾಗಲೇ ಓಪನ್ ಸೋರ್ಸ್ ಅಲ್ವಾ ಅಕ್ಕಾ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅರ್ಧ ನಿಜ. ಆಂಡ್ರಾಯ್ಡಿನ ತಳಪಾಯ ಮುಕ್ತವೇ. ಅದರ ಹೃದಯದಲ್ಲಿರುವುದು ಲಿನಕ್ಸ್ ಕರ್ನಲ್, ಫೋನಿನ ಯಂತ್ರಭಾಗಗಳನ್ನು ಉಳಿದ ತಂತ್ರಾಂಶದ ಜೊತೆ ಬೆಸೆಯುವ ಮುಕ್ತ ತಂತ್ರಾಂಶ. ಆದರೆ ಅಂಗಡಿಯಲ್ಲಿ ಸಿಗುವ ಫೋನಿನಲ್ಲಿ ಆ ತಳಪಾಯದ ಮೇಲೆ ಗೂಗಲ್ ಪ್ಲೇ ಸರ್ವಿಸಸ್ ಎಂಬ ಮುಚ್ಚಿದ ಪದರ ಕೂತಿರುತ್ತದೆ. ನೋಟಿಫಿಕೇಶನ್, ಲೊಕೇಶನ್ ಮುಂತಾದವುಗಳಿಗೆ ಎಷ್ಟೋ ಆಪ್‌ಗಳು ಅದನ್ನೇ ನೆಚ್ಚಿಕೊಂಡಿವೆ. ಲಿನಿಯೇಜ್‌ನಲ್ಲಿ ಆ ಪದರ ಮೊದಲಿಗೆ ಇರುವುದೇ ಇಲ್ಲ. ಗ್ಯಾಯಲ್ ಡುವಾಲ್ ಎಂಬವರು ಶುರುಮಾಡಿದ, ಈ-ಓಎಸ್ ಎಂಬ ಇಂಥದ್ದೇ ವ್ಯವಸ್ಥೆಯಲ್ಲಿ ಅದರ ಜಾಗಕ್ಕೆ ಮೈಕ್ರೋಜಿ ಎಂಬ ಮುಕ್ತ ಬದಲಿ ಇದೆ. ಗ್ರಾಫೀನ್ ಓಎಸ್ ಎಂಬ ಮತ್ತೊಂದು ವ್ಯವಸ್ಥೆಯಲ್ಲಿ ಬೇಕಿದ್ದರೆ ಗೂಗಲ್ಲಿನ ಆ ಪ್ಲೇ ಸರ್ವಿಸಸ್ಸನ್ನೇ ಹಾಕಿಕೊಳ್ಳಬಹುದು, ಆದರೆ ಬೇರೆಲ್ಲ ಆಪ್‌ಗಳ ಹಾಗೆ ಅದೂ ಅನುಮತಿ ಕೇಳಿಯೇ ಒಳಗೆ ಬರಬೇಕು. ಗ್ರಾಫೀನ್ ಇಷ್ಟು ದಿನ ಗೂಗಲ್ಲಿನದೇ ಪಿಕ್ಸೆಲ್ ಫೋನುಗಳನ್ನು ನೆಚ್ಚಿಕೊಂಡಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗುತ್ತದೆ. ಬೇರೆ ವ್ಯವಸ್ಥೆ ಹಾಕಿದ ಮೇಲೂ ಬೂಟ್‌ಲೋಡರನ್ನು (ಫೋನ್ ಆನ್ ಮಾಡಿದಾಗ ವ್ಯವಸ್ಥೆಯನ್ನು ಶುರುಮಾಡುವ ಪುಟ್ಟ ತಂತ್ರಾಂಶ) ಮತ್ತೆ ಬೀಗ ಹಾಕಿ ಭದ್ರ ಮಾಡಲು ಆ ಫೋನುಗಳು ಬಿಡುತ್ತವೆ, ಕಾರಣ ಅದು.

ಇದರ ಮಿತಿಯನ್ನೂ ಮರೆಮಾಚದೆ ಹೇಳುತ್ತೇನೆ. ಸಿಮ್ ಹಾಕಿದ ಯಾವ ಫೋನಾದರೂ ಯಾವ ಟವರಿನ ಹತ್ತಿರ ಇದೆ ಎಂದು ಮೊಬೈಲ್ ಕಂಪನಿಗೆ ಗೊತ್ತಾಗುತ್ತದೆ. ಟವರಿನ ಜೊತೆ ಮಾತಾಡುವ ಮೋಡೆಮ್‌ನ ಒಳಗಿನ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಫೋನುಗಳಲ್ಲೂ ಮುಚ್ಚಿದ್ದೇ. ಲಿಬ್ರೆಮ್ 5 ಎಂಬ ಫೋನಿನಲ್ಲಿ ಮೋಡೆಮ್‌ಗೆ, ವೈಫೈ ಮತ್ತು ಬ್ಲೂಟೂತ್‌ಗೆ, ಕ್ಯಾಮೆರಾ ಮತ್ತು ಮೈಕಿಗೆ ಬೇರೆ ಬೇರೆ ಸ್ವಿಚ್ ಇಟ್ಟಿರುವುದು ಇದೇ ಕಾರಣಕ್ಕೆ. ಆದರೆ ಅಂಥ ಫೋನ್ ಕೊಳ್ಳುವುದರಿಂದಲೇ ಶುರುಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಸೆಯಿಂದ ಕೊಂಡು, ಕ್ಯಾಮೆರಾ ಸರಿಯಿಲ್ಲ, ಬ್ಯಾಟರಿ ನಿಲ್ಲುವುದಿಲ್ಲ ಎಂದು ಬೇಸತ್ತು, ಮುಕ್ತ ಫೋನಿನ ಹೆಸರೆತ್ತಿದರೇ ಸಿಡುಕುವವರಾದವರು ನನಗೆ ಗೊತ್ತು. ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೇ ಎಫ್-ಡ್ರಾಯ್ಡ್ ಹಾಕಿಕೊಳ್ಳಿ. 2010ರಿಂದ ನಡೆಯುತ್ತಿರುವ, ಮುಕ್ತ ಆಪ್‌ಗಳಷ್ಟೇ ಇರುವ ಸಂಗ್ರಹ ಅದು. ಯಾವುದಾದರೂ ಆಪ್ ಬಳಕೆದಾರರ ಜಾಡು ಹಿಡಿಯುವಂತಿದ್ದರೆ, ಮುಚ್ಚಿದ ಸೇವೆಯೊಂದನ್ನು ಅವಲಂಬಿಸಿದ್ದರೆ, ಹಾಕಿಕೊಳ್ಳುವ ಮುಂಚೆಯೇ ಅಲ್ಲಿ ಎಚ್ಚರಿಕೆ ಬರೆದಿರುತ್ತಾರೆ. ಒಂದು ಕೀಬೋರ್ಡ್, ಒಂದು ನಕ್ಷೆ, ಒಂದು ಗ್ಯಾಲರಿ: ಮೂರು ಆಪ್ ಬದಲಿಸಿ ಒಂದು ತಿಂಗಳು ಬಳಸಿ ನೋಡಿ.

ಬಳಸಿದಾಗ ತೊಂದರೆ ಕಾಣುತ್ತದೆ. ನಮ್ಮ ಕೆಲಸ ಶುರುವಾಗುವುದು ಆ ತೊಂದರೆಯಿಂದ.

ನನ್ನ ಮೊದಲ ದೂರು ಹೀಗಿತ್ತು: "ಕರೆ ಸರಿಯಾಗಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸರಿಪಡಿಸಿ." ಡೆವಲಪರ್ ಒಬ್ಬರು ತಾಳ್ಮೆಯಿಂದ ನಾಲ್ಕು ಪ್ರಶ್ನೆ ಕೇಳಿದರು. ಯಾವ ಆವೃತ್ತಿ? ಏನು ಮಾಡಿದಾಗ ಹೀಗಾಗುತ್ತದೆ? ಏನಾಗಬೇಕಿತ್ತು, ಏನಾಯಿತು? ಪ್ರತಿ ಸಲವೂ ಆಗುತ್ತದೆಯೇ? ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಅಂದಿನಿಂದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಕರೆಗೂ ಒಂದು ಸಾಲು: ಸಮಯ, ಇಯರ್‌ಫೋನ್ ಇತ್ತೇ, ಎಲ್ಲಿ ದನಿ ಹೋಯಿತು. ಮೊದಲ ವಾರದ ಹನ್ನೊಂದು ಕರೆಗಳಲ್ಲಿ ಮೂರು ಕೈಕೊಟ್ಟಿದ್ದವು, ಮೂರರಲ್ಲೂ ಬ್ಲೂಟೂತ್ ಇಯರ್‌ಫೋನ್ ಇತ್ತು. ಎರಡನೇ ವಾರ ಅದೊಂದನ್ನೇ ಹಿಡಿದು ನೋಡಿದೆ. ಕರೆಯ ನಡುವೆ ಫೋನಿನ ಪರದೆಯಿಂದ ಇಯರ್‌ಫೋನ್ ಬಿಡಿಸಿದರೆ ಏನೂ ತೊಂದರೆಯಿಲ್ಲ. ಇಯರ್‌ಫೋನನ್ನು ಕಿವಿಯಿಂದ ತೆಗೆದು ಅದರ ಡಬ್ಬಿಯೊಳಗಿಟ್ಟು ಮುಚ್ಚಿದರೆ ಮಾತ್ರ, ಅತ್ತಲಿನವರಿಗೆ ನನ್ನ ದನಿ ಕೇಳುತ್ತಿರಲಿಲ್ಲ. ಅವರ ದನಿ ನನಗೆ ಕೇಳುತ್ತಿತ್ತು. ಇಷ್ಟನ್ನೂ ಆರು ಸಾಲಿನಲ್ಲಿ ಬರೆದು ಕಳಿಸಿದೆ. ಅದೇ ದಿನ ಉತ್ತರ ಬಂತು: "ಈಗ ನನ್ನ ಫೋನಿನಲ್ಲೂ ಆಗುತ್ತಿದೆ, ಧನ್ಯವಾದ." ಮೂರು ವಾರದಲ್ಲಿ ಸರಿಹೋಯಿತು.

"ನನ್ನ ಫೋನಿನಲ್ಲೂ ಆಗುತ್ತಿದೆ" ಎಂದು ಡೆವಲಪರ್ ಹೇಳುವಂತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಅರ್ಧಕ್ಕೆ ಕೋಡ್ ಬೇಕಿಲ್ಲ. ಬೇಕಾಗಿರುವುದು ನೋಟ್‌ಬುಕ್ಕು, ತಾಳ್ಮೆ, ಮತ್ತು ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ನೋಡುವ ಶಿಸ್ತು. ಅಡುಗೆ ಮಾಡುವವರು, ಹೊಲಿಗೆ ಮಾಡುವವರು, ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳು, ಲೆಕ್ಕ ಬರೆಯುವವರು ಇದನ್ನು ದಿನವೂ ಮಾಡುತ್ತಾರೆ.

ಒಂದು ಎಚ್ಚರಿಕೆ. ಕೆಲವೊಮ್ಮೆ ಡೆವಲಪರ್‌ಗಳು ಲಾಗ್ ಕೇಳುತ್ತಾರೆ, ಅಂದರೆ ಒಳಗೆ ಏನೇನು ನಡೆಯಿತು ಎಂದು ಫೋನ್ ತಾನೇ ಬರೆದಿಟ್ಟುಕೊಂಡ ದಾಖಲೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ, ಅಲ್ಲಿ ಬಗ್ ರಿಪೋರ್ಟ್ ತೆಗೆಯಬಹುದು. ಆ ಕಡತದಲ್ಲಿ ನಿಮ್ಮ ವೈಫೈ ಹೆಸರು, ಫೋನಿನಲ್ಲಿರುವ ಆಪ್‌ಗಳ ಪಟ್ಟಿ, ಇನ್ನೂ ಏನೇನೋ ಖಾಸಗಿ ವಿವರ ಇರಬಹುದು. ಎಲ್ಲರಿಗೂ ಕಾಣುವ ಜಾಗದಲ್ಲಿ ಅದನ್ನು ಹಾಗೇ ಹಾಕಬೇಡಿ. ಬೇಕಾದ ಸಾಲುಗಳು ಯಾವುವು ಎಂದು ಕೇಳಿ, ಅಷ್ಟನ್ನೇ ಕೊಡಿ.

ಇನ್ನು ನನಗೆ ತೀರ ಹತ್ತಿರದ ಕೆಲಸ, ಅನುವಾದ. ಬಹಳ ಮುಕ್ತ ಆಪ್‌ಗಳ ಅನುವಾದ ನಡೆಯುವುದು ವೆಬ್‌ಲೇಟ್ ಎಂಬ ವೇದಿಕೆಯಲ್ಲಿ. ಎಡಕ್ಕೆ ಮೂಲ ವಾಕ್ಯ, ಬಲಕ್ಕೆ ಖಾಲಿ ಚೌಕ. ಬಸ್ಸಿಗೆ ಕಾಯುವಾಗ ನಾಲ್ಕು ವಾಕ್ಯ ಮುಗಿಸಬಹುದು. ಸುಲಭ ಎಂದುಕೊಂಡು ಹೋದೆ. ಅಲಾರಂ ಆಪ್ ಒಂದರಲ್ಲಿ "ಡಿಸ್‌ಮಿಸ್" ಎಂಬುದಕ್ಕೆ ಯಾರೋ "ವಜಾಗೊಳಿಸಿ" ಎಂದು ಬರೆದಿದ್ದರು. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಗಂಟೆ ನಿಲ್ಲಿಸಲು ಯಾರನ್ನು ವಜಾ ಮಾಡಬೇಕು? "ನಿಲ್ಲಿಸಿ" ಎಂದು ತಿದ್ದಿದೆ.

ಅದಕ್ಕಿಂತ ಗಂಭೀರವಾದದ್ದು ಟಿಪ್ಪಣಿ ಬರೆಯುವ ಆಪ್ ಒಂದರಲ್ಲಿ ಸಿಕ್ಕಿತು. ಪಕ್ಕಪಕ್ಕದಲ್ಲಿ ಎರಡು ಗುಂಡಿಗಳು: ಒಂದರ ಮೇಲೆ "ಉಳಿಸಿ", ಇನ್ನೊಂದರ ಮೇಲೆ "ಅಳಿಸಿ". ಎರಡೂ ಸರಿಯಾದ ಕನ್ನಡ, ನಿಘಂಟು ನೋಡಿದರೆ ತಪ್ಪಿಲ್ಲ. ಆದರೆ ಒಂದೇ ಅಕ್ಷರದ ಅಂತರ. ಕಣ್ಣು ಮಂಜಾದ ಹಿರಿಯರು ಸಣ್ಣ ಅಕ್ಷರದಲ್ಲಿ ನೋಡಿದರೆ ಬರೆದ ಟಿಪ್ಪಣಿಯೇ ಹೋಯಿತು. ಇಂಗ್ಲಿಷಿನಲ್ಲಿ ಆಪ್ ಮಾಡಿದವರಿಗೆ ಇದು ಹೊಳೆಯಲು ಸಾಧ್ಯವೇ ಇಲ್ಲ, ಅವರಿಗೆ ಆ ಎರಡು ಪದಗಳಲ್ಲಿ ಯಾವ ಹೋಲಿಕೆಯೂ ಕಾಣುವುದಿಲ್ಲ. ನಾನು "ಅಳಿಸಿ" ಇದ್ದಲ್ಲಿ "ತೆಗೆದುಹಾಕಿ" ಎಂದು ಮಾಡಿ, ಕಾರಣವನ್ನೂ ಬರೆದೆ. ಗುಂಡಿಗಳನ್ನು ದೂರ ದೂರ ಇಟ್ಟು ಬಣ್ಣ ಬೇರೆ ಮಾಡುವ ನಿರ್ಧಾರವನ್ನು ಅವರೇ ತೆಗೆದುಕೊಂಡರು.

ಹೆಸರಿಗೆ ವಿಭಕ್ತಿ ಹತ್ತಿಸುವುದು ಇನ್ನೊಂದು ಕಷ್ಟ. ಮೂಲ ವಾಕ್ಯದಲ್ಲಿ ಹೆಸರು ಬರುವ ಜಾಗ ಖಾಲಿ ಇರುತ್ತದೆ, ಫೋನ್ ಅದನ್ನು ಆಮೇಲೆ ತುಂಬುತ್ತದೆ. ಆ ಜಾಗದ ಮುಂದೆ ನಾವು "ಗೆ" ಎಂದು ಬರೆದರೆ "ರವಿಗೆ" ಚೆನ್ನಾಗಿ ಬರುತ್ತದೆ, "ಗೌರಮ್ಮಗೆ" ಎಂದು ಬಂದರೆ ಕಿವಿಗೆ ಕಿರಿಕಿರಿ. "ಗೌರಮ್ಮನಿಗೆ" ಎಂದು ಬರೆಯಲು ಯಂತ್ರಕ್ಕೆ ಗೊತ್ತಿಲ್ಲ. ಹೀಗಾಗಿ ವಾಕ್ಯವನ್ನೇ ತಿರುಗಿಸಿ "ಸಂದೇಶ ಹೋಗುತ್ತಿರುವುದು:" ಎಂದು ಬರೆದು, ಹೆಸರನ್ನು ಕೊನೆಗೆ ಇಟ್ಟರೆ ವಿಭಕ್ತಿಯ ಗೋಜೇ ಇಲ್ಲ.

ಒತ್ತಕ್ಷರದ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದು ಆಪ್‌ನ ಗುಂಡಿಯಲ್ಲಿ "ಮುಚಿ" ಎಂದು ಕಾಣುತ್ತಿತ್ತು. ಅನುವಾದದಲ್ಲಿ "ಮುಚ್ಚಿ" ಎಂದೇ ಇತ್ತು. ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದರಿಂದ ಕೆಳಗಿನ ಒತ್ತು ಅಂಚಿನಲ್ಲಿ ಕತ್ತರಿಸಿಹೋಗುತ್ತಿತ್ತು. ಅಕ್ಷರ ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ತೆಗೆದು, ಒತ್ತು ಇರಬೇಕಾದ ಜಾಗಕ್ಕೆ ಕೆಂಪು ಗೆರೆ ಹಾಕಿ ಕಳಿಸಿದೆ. ಕನ್ನಡ ಓದಲು ಬಾರದ ಡೆವಲಪರ್‌ಗೆ ವಿವರಿಸಿದೆ: ಸಾಲಿನ ಕೆಳಗೆ ಇಳಿದಿರುವುದು ಅಲಂಕಾರ ಅಲ್ಲ, ಅದೂ ಅಕ್ಷರವೇ, ಅದು ಹೋದರೆ ಪದವೇ ತಪ್ಪು. ತೆಲುಗಿಗೂ ಅದೇ ತೊಂದರೆ ಇರಬಹುದಲ್ಲವೇ ಎಂದು ಅವರೇ ಕೇಳಿದರು. ಕನ್ನಡದವರೊಬ್ಬರು ಕಣ್ಣಿಟ್ಟು ನೋಡದಿದ್ದರೆ ಆ ಗುಂಡಿ ಹಾಗೇ ಇರುತ್ತಿತ್ತು.

ಹಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಹೇಳುವುದು ಹೆಚ್ಚಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಬಯಲಾಯಿತು. ಅಂತರಜಾಲದ ದೊಡ್ಡ ಪಾಲನ್ನು ಕಾಯುತ್ತಿದ್ದ ಆ ತಂತ್ರಾಂಶಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಹಳೆಯ ಫೋನುಗಳಿಗೆ ಜೀವ ಕೊಡುತ್ತಿದ್ದ ಡೈವೆಸ್ಟ್ ಓಎಸ್ ಹೆಚ್ಚುಕಡಿಮೆ ಒಬ್ಬರೇ ನಡೆಸುತ್ತಿದ್ದ ಯೋಜನೆ, 2024ರ ಡಿಸೆಂಬರಿನಲ್ಲಿ ನಿಂತಿತು. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಸಣ್ಣ ಮೊತ್ತ ತಪ್ಪದೆ ಕೊಡುವುದು ಮೇಲು, ಏಕೆಂದರೆ ಅದನ್ನು ನೆಚ್ಚಿ ಅವರು ಮುಂದಿನ ತಿಂಗಳ ಸರ್ವರ್ ಖರ್ಚನ್ನು ಲೆಕ್ಕ ಹಾಕಬಹುದು. ನೀವು ದಿನವೂ ಬಳಸುವ ಒಂದೇ ಆಪ್ ಆರಿಸಿಕೊಳ್ಳಿ. ಸಾಕು.

ಮಾತಿನ ರೀತಿ ಹಣಕ್ಕಿಂತ ಮುಖ್ಯ ಎಂದು ನನ್ನ ನಂಬಿಕೆ. 2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟಿರುವುದು ಸಿಕ್ಕಿತು. ಫೋನಿಗೆ ನೇರ ಸಂಬಂಧಪಟ್ಟದ್ದಲ್ಲ, ಆದರೂ ಹೇಳುತ್ತೇನೆ. ಆ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಬಂದು "ಏಕೆ ಇಷ್ಟು ನಿಧಾನ, ನಿಮ್ಮಿಂದಾಗದಿದ್ದರೆ ಬೇರೆಯವರಿಗೆ ಕೊಡಿ" ಎಂಬ ಧಾಟಿಯಲ್ಲಿ ಅವರನ್ನು ಒತ್ತಾಯಿಸಿದವು. ಸುಸ್ತಾಗಿದ್ದ ಅವರು ಸಹಾಯಕ್ಕೆ ಬಂದ ಇನ್ನೊಬ್ಬರ ಕೈಗೆ ಅಧಿಕಾರ ಕೊಟ್ಟರು. ಕಳ್ಳಬಾಗಿಲು ಇಟ್ಟದ್ದು ಆ ಇನ್ನೊಬ್ಬರ ಹೆಸರಿನಿಂದಲೇ. ಇದನ್ನು ಓದಿದ ಮೇಲೆ "ಯಾವಾಗ ಅಪ್‌ಡೇಟ್?" ಎಂದು ನಾನು ಯಾರನ್ನೂ ಕೇಳಿಲ್ಲ. ಹೊಸಬರು ಅದನ್ನೇ ಕೇಳಿಕೊಂಡು ಬಂದಾಗ ನಾನೇ ಮುಂದೆ ಹೋಗಿ ಉತ್ತರ ಕೊಡುತ್ತೇನೆ. ಡೆವಲಪರ್‌ಗೆ ಅರ್ಧ ಗಂಟೆ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನೆಮ್ಮದಿ ಸಿಗುತ್ತದೆ.

"ಬ್ಯಾಂಕ್ ಆಪ್ ನಡೆಯುತ್ತಾ?" ಇದು ಪ್ರತಿ ಸಲವೂ ಬರುವ ಪ್ರಶ್ನೆ. ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ನನ್ನ ಖಾತೆ ಇರುವ ಬ್ಯಾಂಕಿನ ಆಪ್ ಒಂದು ದಿನ ಇದ್ದಕ್ಕಿದ್ದಂತೆ "ಈ ಸಾಧನ ಸುರಕ್ಷಿತವಲ್ಲ" ಎಂದು ಬಾಗಿಲು ಹಾಕಿತು. ಆ ತಿಂಗಳ ಭದ್ರತಾ ಅಪ್‌ಡೇಟ್ ನನ್ನ ಫೋನಿನಲ್ಲಿತ್ತು. ಇಂಥ ಆಪ್‌ಗಳು ಗೂಗಲ್ಲಿನ ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯನ್ನು ನೆಚ್ಚಿಕೊಂಡಿರುತ್ತವೆ. ಗೂಗಲ್ ಪ್ರಮಾಣಪತ್ರ ಕೊಟ್ಟ ವ್ಯವಸ್ಥೆಯೇ ಇದೆಯೇ ಎಂದು ಅದು ನೋಡುತ್ತದೆ. ಗ್ರಾಫೀನ್‌ನಂಥ ವ್ಯವಸ್ಥೆಗಳನ್ನು ಆಂಡ್ರಾಯ್ಡಿನದೇ ಹಾರ್ಡ್‌ವೇರ್ ದೃಢೀಕರಣದ (ಒಳಗಿರುವ ವ್ಯವಸ್ಥೆ ಯಾವುದೆಂದು ಫೋನಿನ ಯಂತ್ರಭಾಗವೇ ಸಾಕ್ಷಿ ಹೇಳುವ ವಿಧಾನ) ಮೂಲಕ ಗುರುತಿಸುವ ದಾರಿ ಇದೆ, ಹೇಗೆ ಎಂದು ಗ್ರಾಫೀನ್‌ನವರು ಆಪ್ ತಯಾರಕರಿಗಾಗಿಯೇ ಬರೆದಿಟ್ಟಿದ್ದಾರೆ. ಅದನ್ನು ಬ್ಯಾಂಕಿಗೆ ತಲುಪಿಸಬೇಕಾದವರು ಗ್ರಾಹಕರು. ಡೆವಲಪರ್ ಬರೆದರೆ ಬ್ಯಾಂಕಿಗೆ ಅವರು ಯಾರೋ ಹೊರಗಿನವರು. ಖಾತೆದಾರ ಬರೆದರೆ ಅದು ದೂರು, ಅದಕ್ಕೊಂದು ಸಂಖ್ಯೆ ಬೀಳುತ್ತದೆ. ನಾನು ಎರಡು ಸಲ ಬರೆದಿದ್ದೇನೆ. ಒಂದಕ್ಕೆ ಸಿದ್ಧ ಉತ್ತರ ಬಂತು, ಇನ್ನೊಂದು ತಾಂತ್ರಿಕ ವಿಭಾಗಕ್ಕೆ ಹೋಗಿದೆ ಎಂದರು. ಅಲ್ಲಿಯವರೆಗೆ ಬ್ರೌಸರಿನಲ್ಲಿ ಬ್ಯಾಂಕಿನ ಜಾಲತಾಣ ತೆರೆದು ಕೆಲಸ ಮಾಡಿಕೊಳ್ಳುತ್ತಿದ್ದೇನೆ.

ಪತ್ರದಿಂದ ಆಗುವ ಇನ್ನೊಂದು ಕೆಲಸ ಬಹಳ ಜನಕ್ಕೆ ತಿಳಿಯದು. ಲಿನಕ್ಸ್ ಕರ್ನಲ್‌ಗೆ ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೇ ಆವೃತ್ತಿ. ಆಂಡ್ರಾಯ್ಡ್ ಫೋನ್ ಮಾರಿದ ಕಂಪನಿ ಆ ಫೋನಿನಲ್ಲಿರುವ ಕರ್ನಲ್‌ನ ಸೋರ್ಸ್ ಕೋಡ್ ಕೊಡಲೇಬೇಕು ಎಂದು ಅದು ಹೇಳುತ್ತದೆ. ಎಷ್ಟೋ ಕಂಪನಿಗಳು ತಡಮಾಡುತ್ತವೆ, ಕೆಲವು ಕೊಡುವುದೇ ಇಲ್ಲ. ಆ ಕೋಡ್ ಇಲ್ಲದೆ ಲಿನಿಯೇಜ್‌ನಂಥದ್ದನ್ನು ಆ ಫೋನಿಗೆ ಹೊಂದಿಸುವುದು ತುಂಬ ಕಷ್ಟ. ಕೊಂಡವರು ನೀವು, ಕೇಳಬಹುದು. ಮಾಡೆಲ್ ನಂಬರ್, ಫೋನಿನಲ್ಲಿರುವ ಆವೃತ್ತಿ, "ಜಿಪಿಎಲ್ ಪ್ರಕಾರ ಈ ಆವೃತ್ತಿಯ ಕರ್ನಲ್ ಸೋರ್ಸ್ ದಯವಿಟ್ಟು ಒದಗಿಸಿ" ಎಂಬ ಒಂದು ಸಾಲು. ಉತ್ತರ ಬರದಿದ್ದರೆ ತಿಂಗಳ ನಂತರ ಮತ್ತೊಂದು. ಮರ್ಯಾದೆಯಿಂದ, ಬಿಡದೆ.

ಕಾನೂನಿನ ಕಡೆಯೂ ಒಂದು ಕಣ್ಣಿರಲಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮದ ಪ್ರಕಾರ, ಒಂದು ಮಾಡೆಲ್ಲನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ನನ್ನ ಹಳೆಯ ಫೋನಿಗೆ ಸಿಗದೇ ಹೋದದ್ದು ಅದೇ. ಇನ್ನೊಂದು ಕಡೆ, ಪ್ರಮಾಣೀಕೃತ ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಬಳಿ ಗುರುತು ನೋಂದಾಯಿಸಿದ ಡೆವಲಪರ್‌ಗಳ ಆಪ್‌ಗಳನ್ನಷ್ಟೇ ಹಾಕಿಕೊಳ್ಳುವಂತೆ ಮಾಡುವುದಾಗಿ ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ಎಫ್-ಡ್ರಾಯ್ಡ್‌ನವರು ಬಹಿರಂಗವಾಗಿ ವಿರೋಧಿಸಿದರು. ಅನುಭವಿ ಬಳಕೆದಾರರಿಗೆ ಬೇರೆ ದಾರಿ ಇಡುತ್ತೇವೆ ಎಂದು ಗೂಗಲ್ ಆಮೇಲೆ ಹೇಳಿತು. ನನ್ನ ಫೋನಿನಲ್ಲಿ ಏನು ಹಾಕಿಕೊಳ್ಳಬೇಕು ಎಂಬುದಕ್ಕೆ ಒಂದೇ ಕಂಪನಿಯ ಒಪ್ಪಿಗೆ ಬೇಕು ಎನ್ನುವುದು ನನಗೆ ಸಮ್ಮತವಲ್ಲ. ಇಂಥ ವಿಷಯಗಳಲ್ಲಿ ಅಭಿಪ್ರಾಯ ಕೇಳಿದಾಗ ಬಳಕೆದಾರರಾಗಿ ಬರೆಯಿರಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ: "ನಮ್ಮ ತಾಯಿ ಫೋನಿಗೂ ಹಾಕಿಬಿಡಲಾ?" ಅವರನ್ನು ಕೇಳಿದಿರಾ? ಅವರು ದಿನವೂ ಬಳಸುವ ಐದು ಆಪ್ ಯಾವುವು ಎಂದು ಬರೆದುಕೊಂಡಿರಾ? ಅವು ನಡೆಯುತ್ತವೆಯೇ ಎಂದು ಮೊದಲು ನಿಮ್ಮ ಫೋನಿನಲ್ಲಿ ನೋಡಿ. ಹಾಕಿಕೊಟ್ಟು ಊರಿಗೆ ಹೊರಟುಬಿಟ್ಟರೆ, ಮಾರನೇ ದಿನ ಏನೋ ಕೆಟ್ಟು, ಅವರು ಬೇಸರಪಟ್ಟುಕೊಂಡು ಹಳೆಯದಕ್ಕೇ ಮರಳುತ್ತಾರೆ. ಹಾಕಿಕೊಟ್ಟವರು ಆರು ತಿಂಗಳು ಅವರ ಕರೆ ತೆಗೆದುಕೊಳ್ಳಲು ಸಿದ್ಧರಿರಬೇಕು. ನನಗೆ ಹಾಕಿಕೊಟ್ಟ ಹುಡುಗ ಎರಡು ವರ್ಷ ತೆಗೆದುಕೊಂಡ.

ಹಳೆಯ ಫೋನ್ ತಂದಿದ್ದೇನೆ ಎಂದು ಕೈ ಎತ್ತಿದವರು ಇಲ್ಲಿ ಮೇಜಿನ ಹತ್ತಿರ ಬನ್ನಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಮಾಡೆಲ್ ನಂಬರ್ ನೋಡಿ, ಲಿನಿಯೇಜ್‌ನ ಪಟ್ಟಿಯಲ್ಲಿ ಅದೇ ನಂಬರ್ ಇದೆಯೇ ಎಂದು ನೋಡೋಣ. ಹೆಸರು ಒಂದೇ ಇದ್ದು ನಂಬರ್ ಬೇರೆಯಾದರೆ ಅದು ಬೇರೆ ಫೋನು. ಫೋಟೋಗಳ ಪ್ರತಿ ಬೇರೆಲ್ಲಾದರೂ ಇಟ್ಟಿದ್ದೀರಾ? ಬೂಟ್‌ಲೋಡರ್ ತೆರೆದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇಟ್ಟಿರದಿದ್ದರೆ ಇವತ್ತು ಅದೊಂದನ್ನೇ ಮಾಡೋಣ, ಉಳಿದದ್ದು ಮುಂದಿನ ಸಲ. ಕೇಬಲ್ ನನ್ನ ಬಳಿ ಎರಡಿವೆ.